ಸರ್ಫ್ ಬೋರ್ಡಿಗೆ ಬೀಗ ಹಾಕಿದ್ದು

ಕಳೆದ ವರ್ಷ ನವೆಂಬರಿನ ಒಂದು ಬೆಳಿಗ್ಗೆ ಶೆಡ್ಡಿಗೆ ಹೋದರೆ ನೀಲಿ ಬೋರ್ಡು ಇಲ್ಲ. ಹಗ್ಗ ಇತ್ತು. ಎರಡು ತುಂಡಾಗಿ ಹೊಯ್ಗೆಯ ಮೇಲೆ ಬಿದ್ದಿತ್ತು. ತುದಿ ಹಿಡಿದು ನೋಡಿದೆ. ನಾರು ಎದ್ದಿರಲಿಲ್ಲ, ಒಂದೇ ಎಳೆತಕ್ಕೆ ಕೊಯ್ದ ಹಾಗೆ ಸಾಪಾಗಿತ್ತು. ಮೀನು ಕೊಯ್ಯುವ ಚೂರಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ, ಹಾಗಾಗಿ ಯಾರ ಮೇಲೂ ಅನುಮಾನ ಪಡುವ ಹಾಗಿಲ್ಲ.

ನಮ್ಮದು ದಕ್ಷಿಣ ಕನ್ನಡದ ಮುಲ್ಕಿ ಹತ್ತಿರದ ಸಸಿಹಿತ್ಲು ಕಡೆ. ನಂದಿನಿ, ಶಾಂಭವಿ ಎರಡೂ ಹೊಳೆ ಸೇರಿ ಕಡಲಿಗೆ ಬೀಳುವ ಅಳಿವೆಬಾಗಿಲು ಇರುವ ಜಾಗ. 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಇಲ್ಲೇ ನಡೆಯಿತು. ನಾನಾಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಮೀನುಗಾರರ ಮಕ್ಕಳಿಗೆ ತೆರೆ ಹೊಸತಲ್ಲ, ಆದರೆ ತೆರೆಯ ಮೇಲೆ ನಿಂತು ದಡಕ್ಕೆ ಬರುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಮೂರು ದಿನವೂ ಬಿಸಿಲಲ್ಲಿ ನಿಂತು ನೋಡಿದೆವು. ಆಮೇಲೆ ನಾವು ನಾಲ್ಕು ಜನ ಸ್ನೇಹಿತರು ದುಡ್ಡು ಹಾಕಿ ಒಂದೊಂದಾಗಿ ಹಳೆಯ ಬೋರ್ಡು ಕೊಂಡೆವು. ನಾಲ್ಕು ಬೋರ್ಡು ಆಗಲು ಆರು ವರ್ಷ ಹಿಡಿಯಿತು.

ಹೋದದ್ದು ಅವುಗಳಲ್ಲಿ ಮೆತ್ತನೆಯ ಫೋಮಿನ ಎಂಟು ಅಡಿ ಬೋರ್ಡು. ಊರಿನ ಮಕ್ಕಳು ಕಲಿಯುವುದು ಅದರಲ್ಲೇ. ಬಿದ್ದರೆ ತಲೆಗೆ ಪೆಟ್ಟಾಗುವುದಿಲ್ಲ, ನೀರಿನ ಮೇಲೆ ಚೆನ್ನಾಗಿ ತೇಲುತ್ತದೆ. ಭಾನುವಾರ ಬೆಳಿಗ್ಗೆ ಏಳೆಂಟು ಮಕ್ಕಳು ಸರದಿ ನಿಲ್ಲುತ್ತಿದ್ದರು. ಅವರಲ್ಲೊಬ್ಬಳು ಹನ್ನೊಂದು ವರ್ಷದ ಹುಡುಗಿ, ನನ್ನ ಅಕ್ಕನ ಮಗಳು. ಅದಕ್ಕೆ ಹಿಂದಿನ ವಾರವಷ್ಟೇ ಮೊದಲ ಸಲ ಯಾರೂ ಹಿಂದಿನಿಂದ ತಳ್ಳದೆ ತಾನಾಗಿಯೇ ತೆರೆ ಹಿಡಿದು ನಿಂತಿದ್ದಳು. ಬೋರ್ಡು ಹೋಯಿತು ಎಂದಾಗ ಅವಳು ಅಳಲಿಲ್ಲ. "ಮಾಮ, ಉಳಿದ ಮೂರಕ್ಕೆ ಬೀಗ ಹಾಕುವುದಿಲ್ವಾ?" ಎಂದು ಕೇಳಿದಳು. ಅಲ್ಲಿಂದ ಇದೆಲ್ಲ ಶುರುವಾಯಿತು.

ಬೀಗ ಹಾಕಬೇಕು ಸರಿ, ಎಲ್ಲಿಗೆ ಹಾಕುವುದು? ಸೈಕಲ್ಲಿಗಾದರೆ ಚಕ್ರ ಇದೆ, ಫ್ರೇಮ್ ಇದೆ. ಕ್ರಿಕೆಟ್ ಕಿಟ್ಟನ್ನು ಟ್ರಂಕಿಗೆ ಹಾಕಿದರೆ ಆಯಿತು. ಸರ್ಫ್ ಬೋರ್ಡು ಅಂದರೆ ದೊಡ್ಡ ಅಂಜಲ್ ಮೀನಿನ ಹಾಗೆ, ಹಿಡಿಯಲು ಎಲ್ಲೂ ಕಿವಿ ಇಲ್ಲ. ಸುತ್ತ ಸರಪಳಿ ಬಿಗಿದರೆ ಎರಡೂ ತುದಿ ಸಪೂರ ಇರುವುದರಿಂದ ಎಳೆದರೆ ಜಾರಿ ಬರುತ್ತದೆ, ಬರುವಾಗ ಅಂಚಿನ ಫೈಬರ್ ಒಡೆಯುತ್ತದೆ. ಒಡೆದ ಕಡೆಯಿಂದ ನೀರು ಒಳಗೆ ಹೋದರೆ ಬೋರ್ಡಿನ ಕಥೆ ಮುಗಿಯಿತು. ಅಡಿಯಲ್ಲಿರುವ ರೆಕ್ಕೆಗಳು, ಅಂದರೆ ಫಿನ್, ಸಣ್ಣ ಸ್ಕ್ರೂ ಮೇಲೆ ನಿಂತಿರುತ್ತವೆ. ಎರಡು ನಿಮಿಷದಲ್ಲಿ ಬಿಚ್ಚಬಹುದು.

ಉಳಿದದ್ದು ಒಂದೇ ಜಾಗ, ಲೀಶ್ ಪ್ಲಗ್. ಬೋರ್ಡು ಕೈತಪ್ಪಿ ಹೋಗದಿರಲಿ ಎಂದು ಕಾಲಿಗೆ ಕಟ್ಟಿಕೊಳ್ಳುವ ಬಳ್ಳಿಗೆ ಲೀಶ್ ಎನ್ನುತ್ತಾರೆ. ಅದನ್ನು ಸಿಕ್ಕಿಸಲು ಬೋರ್ಡಿನ ಬಾಲದ ಹತ್ತಿರ ಒಂದು ಪುಟ್ಟ ಗುಳಿ ಇರುತ್ತದೆ. ನಮ್ಮ ಬೋರ್ಡಿನಲ್ಲಿ ಒಂದು ರೂಪಾಯಿ ನಾಣ್ಯ ಸರಿಯಾಗಿ ಕೂರುವಷ್ಟು ಅಗಲ, ಅಳೆದರೆ 22 ಮಿ.ಮೀ. ಗುಳಿಯ ಬಾಯಿಗೆ ಅಡ್ಡವಾಗಿ 5 ಮಿ.ಮೀ ದಪ್ಪದ ಸ್ಟೀಲ್ ಸರಳು. ಸರಳಿನ ಕೆಳಗೆ ಸಣ್ಣ ದಾರ ನುಗ್ಗಿಸಿ ಗಂಟು ಹಾಕಿ, ಆ ದಾರಕ್ಕೆ ಲೀಶ್ ಕಟ್ಟುವುದು. ಇಡೀ ಬೋರ್ಡಿನಲ್ಲಿ ಬೀಗಕ್ಕೆ ಹಿಡಿತ ಕೊಡುವಂಥ ಲೋಹ ಸಿಗುವುದು ಅಲ್ಲಿ ಮಾತ್ರ.

ಮನೆಯಲ್ಲಿದ್ದ ಬೀಗಗಳನ್ನೆಲ್ಲ ತಂದು ನೋಡಿದೆ. ಒಂದರ ಕೊಂಡಿಯೂ ಸರಳಿನ ಕೆಳಗೆ ಹೋಗಲಿಲ್ಲ. ದಪ್ಪ ಕಡಿಮೆ ಇದ್ದರೂ ಕೊಂಡಿಯ ಬಾಗು ಅಗಲ, ಗುಳಿಯೊಳಗೆ ಇಳಿಯುವುದೇ ಇಲ್ಲ. 3 ಮಿ.ಮೀ ವೈರ್ ರೋಪ್ ತಂದು ನುಗ್ಗಿಸಿದೆವು. ಅದು ಸುಲಭವಾಗಿ ಹೋಯಿತು, ಎರಡು ದಿನ ಖುಷಿಯಲ್ಲಿದ್ದೆವು. ಮೂರನೆಯ ದಿನ ಸ್ನೇಹಿತನೊಬ್ಬ ಬೈಕಿನ ಡಿಕ್ಕಿಯಿಂದ ಕಟಿಂಗ್ ಪ್ಲೇಯರ್ ತೆಗೆದು ಕಚ್ಚಿಸಿದ. ನಾಲ್ಕು ಕಡಿತಕ್ಕೆ ವೈರ್ ಎರಡು ತುಂಡು. ಹಗ್ಗಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಇಲ್ಲ ಅಂತ ಗೊತ್ತಾಯಿತು.

ಆಮೇಲೆ ನನ್ನ ತಲೆಗೆ ಬಂದದ್ದು, ಬೀಗದ ಕೊಂಡಿಯನ್ನೇ ಬಗ್ಗಿಸಿ ಸಪೂರ ಮಾಡಿದರೆ ಹೇಗೆ ಅಂತ. 30 ಮಿ.ಮೀ.ನ ಒಂದು ಹಿತ್ತಾಳೆ ಬೀಗ ತಂದೆ. ಕೊಂಡಿ 5 ಮಿ.ಮೀ ಇತ್ತು. ವೈಸಿಗೆ ಕಚ್ಚಿಸಿ, ಮೇಲೊಂದು ಪೈಪು ತೂರಿಸಿ, ನಿಧಾನಕ್ಕೆ ಒತ್ತಿದೆ. ಬಗ್ಗುವ ಲಕ್ಷಣವೇ ಇಲ್ಲ. ಇನ್ನೂ ಸ್ವಲ್ಪ ಒತ್ತಿದೆ. ಟಪ್ ಅಂತ ಒಂದು ಸದ್ದು, ತುಂಡು ನನ್ನ ಕಿವಿಯ ಪಕ್ಕ ಹಾರಿ ಹಿಂದಿನ ತಗಡಿಗೆ ಬಡಿಯಿತು. ಕಣ್ಣಿಗೆ ಬಡಿದಿದ್ದರೆ ಏನಾಗುತ್ತಿತ್ತೋ. ಅವತ್ತಿನಿಂದ ಕನ್ನಡಕ ಹಾಕದೆ ಕಬ್ಬಿಣ ಮುಟ್ಟಿಲ್ಲ. ನೀವೂ ಮುಟ್ಟಬೇಡಿ.

ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿದೆ. ಬೂದು ಬಣ್ಣ, ಸಕ್ಕರೆ ಕಾಳಿನ ಹಾಗೆ ಹರಳು ಹರಳು. ಮಾಮೂಲಿ ಕಬ್ಬಿಣ ಹೀಗೆ ಮುರಿಯುವುದಿಲ್ಲ, ಎಳೆದುಕೊಂಡು ತಿರುಚಿಕೊಂಡು ಮುರಿಯುತ್ತದೆ. ಗರಗಸಕ್ಕೆ ಸುಲಭವಾಗಿ ಸಿಗದಿರಲಿ ಅಂತ ಬೀಗದ ಕೊಂಡಿಯನ್ನು ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಅದನ್ನು ತಿಳಿಯಲು ಒಂದು ಸುಲಭ ದಾರಿ ಇದೆ. ಅರ ತೆಗೆದುಕೊಂಡು ಕೊಂಡಿಯ ಮೇಲೆ ಒಂದು ಸಲ ಎಳೆಯಿರಿ. ಗಟ್ಟಿ ಮಾಡಿದ್ದಾದರೆ ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ, ಕಚ್ಚುವುದೇ ಇಲ್ಲ. ಕಚ್ಚಿ ಪುಡಿ ಉದುರಿದರೆ ಆ ಬೀಗವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಎರಡನೇ ಬೀಗದ ಕೊಂಡಿಯನ್ನು ಕೆಂಪಗೆ ಕಾಯಿಸಿ ಬಗ್ಗಿಸಿದೆವು. ಬಗ್ಗಿತು, ಮೇಣದ ಹಾಗೆ ಬಗ್ಗಿತು. ಆದರೆ ಆರಿದ ಮೇಲೆ ಅರ ಹಾಕಿದರೆ ಬೆಣ್ಣೆಯ ಹಾಗೆ ಕಚ್ಚುತ್ತಿದೆ, ಗಟ್ಟಿತನ ಪೂರ್ತಿ ಹೋಗಿತ್ತು. ಅಷ್ಟೇ ಅಲ್ಲ, ಬಿಸಿ ಕೊಂಡಿಯಿಂದ ಒಳಗೆ ಇಳಿದು ಸಣ್ಣ ಸ್ಪ್ರಿಂಗುಗಳೂ ಸತ್ತು ಹೋಗಿದ್ದವು. ಕೀ ತಿರುಗಿಸಿದರೆ ಸಡಿಲ, ಬೀಗ ಕೂರುತ್ತಲೇ ಇರಲಿಲ್ಲ. ಎರಡು ಬೀಗ ಹಾಳಾದ ಮೇಲೆ, ಇನ್ನು ಗೊತ್ತಿದ್ದವರ ಹತ್ತಿರ ಹೋಗುವುದು ಒಳ್ಳೆಯದು ಅನ್ನಿಸಿತು.

ಬಂದರಿನ ಹತ್ತಿರ ಬೋಟಿನ ಕೆಲಸ ಮಾಡುವ ಒಂದು ಲೇತ್ ವರ್ಕ್‌ಶಾಪ್ ಇದೆ. ನಮ್ಮ ದೊಡ್ಡಪ್ಪನಿಗೆ ಅಲ್ಲಿಯ ಅಣ್ಣ ಮೂವತ್ತು ವರ್ಷದ ಪರಿಚಯ. ದೊಡ್ಡಪ್ಪನನ್ನೂ ಕರೆದುಕೊಂಡು, ಬೋರ್ಡನ್ನೂ ಹೊತ್ತುಕೊಂಡು ಹೋದೆ. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಣ್ಣ ಗುಳಿಯೊಳಗೆ ಕಿರುಬೆರಳು ಹಾಕಿ ನೋಡಿದರು. ವರ್ನಿಯರ್ ಹಿಡಿದು ಅಳೆದರು. ಮುರಿದ ಕೊಂಡಿ ತೋರಿಸಿದೆ. "ನೀನು ಬೀಗವನ್ನು ಗುಳಿಯೊಳಗೆ ತುರುಕಲು ನೋಡುತ್ತಿದ್ದೀಯ ಮಾರಾಯ. ಬೀಗ ಹೊರಗೇ ಇರಲಿ" ಎಂದರು.

ದೊಡ್ಡಪ್ಪ ಅಲ್ಲೇ ಮೂಲೆಯಲ್ಲಿ ಬಿದ್ದಿದ್ದ ಒಂದು ಡಿ-ಶ್ಯಾಕಲ್ ಎತ್ತಿಕೊಂಡರು. ಟ್ರಾಲ್ ಬೋಟಿನಲ್ಲಿ ಬಲೆಯ ರೋಪಿಗೆ ಹಾಕುವಂಥದ್ದು. ಕುದುರೆ ಲಾಳದ ಆಕಾರದ ಒಂದು ಬಾಗು, ಎರಡು ತುದಿಗೂ ಕಣ್ಣು, ಕಣ್ಣುಗಳ ನಡುವೆ ಸ್ಕ್ರೂ ಹಾಕುವ ಪಿನ್ನು. "ಪಿನ್ನಿನ ಜಾಗಕ್ಕೆ ಬೀಗದ ಕೊಂಡಿ ಹಾಕಿದರೆ?" ಎಂದರು. ನಲವತ್ತು ವರ್ಷ ದಿನಾ ಕೈಯಲ್ಲಿ ಹಿಡಿದ ಸಾಮಾನು ಅದು. ನಾನು ಒಂದು ತಿಂಗಳಿನಿಂದ ತಲೆ ಕೆಡಿಸಿಕೊಂಡಿದ್ದೆ, ಅವರಿಗೆ ಒಂದು ನಿಮಿಷ ಸಾಕಾಯಿತು.

ಅಂಗಡಿಯಲ್ಲಿ ಸಿಗುವ ಸಣ್ಣ ಡಿ-ಶ್ಯಾಕಲ್ ನಮಗೆ ಆಗಲಿಲ್ಲ. ಅದರ ಕಾಲು ನೇರ, ಉದ್ದ. ಗುಳಿಯೊಳಗೆ ಇಳಿಸಿ ಸರಳಿನ ಕೆಳಗೆ ತಿರುಗಿಸಲು ಹೋದರೆ ಅಡಿಗೆ ತಾಗಿ ನಿಲ್ಲುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಸರಳಿಗೆ ಸುತ್ತು ಹಾಕಿ ಹೊರಗೆ ಬರಬೇಕಾದರೆ ಬಾಗು ಪೂರ್ತಿ ಉರುಟಾಗಿರಬೇಕು, ಬಳೆಯ ಹಾಗೆ. ಬಳೆ ತನ್ನದೇ ದಾರಿಯಲ್ಲಿ ತಿರುಗುತ್ತದೆ. ಹಾಗಾಗಿ ಅಣ್ಣ ಹೊಸತೇ ಮಾಡಿದರು. 5 ಮಿ.ಮೀ ಎಸ್‌ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ರಾಡನ್ನು 12 ಮಿ.ಮೀ ಬೋಲ್ಟಿನ ಸುತ್ತ ತಣ್ಣಗೇ ಬಗ್ಗಿಸಿದರು. ಕಾಯಿಸುವುದು ಬೇಕಾಗಲಿಲ್ಲ. ಈ ಸ್ಟೀಲ್ ಗಟ್ಟಿ ಮಾಡಿದ ಉಕ್ಕಿನ ಹಾಗೆ ಮುರಿಯುವುದಿಲ್ಲ, ಬಗ್ಗುತ್ತದೆ, ಬಿಟ್ಟ ಮೇಲೆ ಸ್ವಲ್ಪ ಬಿಡಿಸಿಕೊಳ್ಳುತ್ತದೆ ಅಷ್ಟೇ. ಎರಡು ತುದಿಗೂ ಎರಡೆರಡು ಎಂ-6 ವಾಷರ್, ಅಂದರೆ 6 ಮಿ.ಮೀ ಬೋಲ್ಟಿಗೆ ಹಾಕುವ ಬಿಲ್ಲೆ, ಜೋಡಿಸಿ ಆರ್ಗನ್ ವೆಲ್ಡಿಂಗ್ ಮಾಡಿ ಕಣ್ಣು ಕೂರಿಸಿದರು. ನಾವು ಅದನ್ನು ಲಾಳ ಎಂದೇ ಕರೆಯುತ್ತೇವೆ.

ಎಸ್‌ಎಸ್ ಎಂದ ತಕ್ಷಣ ಎಲ್ಲವೂ ಒಂದೇ ಅಲ್ಲ ಎನ್ನುವುದನ್ನು ಕಡಲ ಬದಿಯವರು ಗಮನಿಸಬೇಕು. ಪಾತ್ರೆ, ಗ್ರಿಲ್ಲುಗಳಿಗೆ ಜಾಸ್ತಿ ಬಳಸುವುದು 304. ಉಪ್ಪು ನೀರಿಗೆ 316 ಬೇಕು. ಅದರಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾಲಿಬ್ಡಿನಂ ಇರುತ್ತದೆ, ಅದರಿಂದ ಉಪ್ಪು ಸೂಜಿ ಚುಚ್ಚಿದ ಹಾಗೆ ತೂತು ತಿನ್ನುವುದು ಕಡಿಮೆಯಾಗುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಯಸ್ಕಾಂತ ಹಿಡಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಂಬಿಕೆಯ ಕಡೆಯಿಂದಲೇ ತರಬೇಕು. ಅಣ್ಣನ ಹತ್ತಿರ ಬೋಟಿನ ಕೆಲಸಕ್ಕೆ ತಂದ 316 ರಾಡಿನ ತುಂಡು ಇತ್ತು, ನಮ್ಮ ಅದೃಷ್ಟ.

ಮೊದಲ ಲಾಳ ಅರ್ಧ ಹೋಗಿ ಸಿಕ್ಕಿಬಿತ್ತು. ವಾಷರಿನ ಅಂಚು ಸರಳಿಗೆ ಕಚ್ಚಿಕೊಂಡು ಹಿಂದೆಯೂ ಬಾರದು, ಮುಂದೆಯೂ ಹೋಗದು. ಅಲ್ಲಾಡಿಸಿ ಅಲ್ಲಾಡಿಸಿ ತೆಗೆದು, ಅಂಚನ್ನೆಲ್ಲ ಅರದಿಂದ ಉರುಟು ಮಾಡಿದೆವು. ಎರಡನೆಯ ಸಲ ಲಾಳವನ್ನು ಮಲಗಿಸಿ ಹಿಡಿದು, ಕಣ್ಣನ್ನು ಸರಳಿನ ಒಂದು ಬದಿಯಿಂದ ಇಳಿಸಿ, ನಿಧಾನಕ್ಕೆ ಎತ್ತುತ್ತಾ ತಿರುಗಿಸಿದರೆ ಇನ್ನೊಂದು ಬದಿಯಿಂದ ಕಣ್ಣು ಮೇಲೆ ಬಂತು. ಗುಳಿಗೂ ಲಾಳಕ್ಕೂ ನಡುವೆ ಇದ್ದದ್ದು ಕೂದಲೆಳೆಯಷ್ಟು ಜಾಗ. ಹೊರಗೆ ಎರಡು ಕಣ್ಣು ಒಂದರ ಎದುರು ಒಂದು ನೇರಕ್ಕೆ ನಿಂತಿದ್ದವು. ನೋಡಿ ತುಂಬಾ ಖುಷಿಯಾಯಿತು ನನಗೆ.

ಈಗ ಬೀಗದ ಸರದಿ.

ಸಾಮಾನ್ಯ ಬೀಗದ ಕೊಂಡಿ ಎರಡು ಕಣ್ಣಿಗೂ ಹೋಗುವುದಿಲ್ಲ, ಯಾಕೆಂದರೆ ನೇರ ಭಾಗ ತುಂಬಾ ಗಿಡ್ಡ, ಎರಡನೆಯ ಕಣ್ಣಿಗೆ ಬರುವಷ್ಟರಲ್ಲಿ ಬಾಗು ಶುರುವಾಗಿರುತ್ತದೆ. ಅದಕ್ಕೆ ಉದ್ದ ಕೊಂಡಿಯ ಬೀಗ ತಂದೆ. 40 ಮಿ.ಮೀ.ನ ಹಿತ್ತಾಳೆ ಮೈ, ಅಲಿಗಢದ ಮಾಲು. ಅದರ ಕೊಂಡಿ 7 ಮಿ.ಮೀ. ಎಂ-6 ವಾಷರಿನ ತೂತು 6.4. ಅಲ್ಲಿಗೆ ಮತ್ತೆ ಸಿಕ್ಕು. ದೊಡ್ಡ ವಾಷರ್ ಹಾಕೋಣ ಎಂದರೆ ಅದು ಗುಳಿಯೊಳಗೆ ಇಳಿಯುವುದಿಲ್ಲ, ತೂತು ದೊಡ್ಡದು ಮಾಡೋಣ ಎಂದರೆ ಕಣ್ಣಿನ ಗೋಡೆ ಮೊದಲೇ ತೆಳ್ಳಗೆ. ಕೊಂಡಿಯನ್ನೇ ತೆಳ್ಳಗೆ ಮಾಡಬೇಕು, ಬೇರೆ ದಾರಿ ಇಲ್ಲ.

ಗಟ್ಟಿ ಮಾಡಿದ ಉಕ್ಕಿಗೆ ಅರ ಹಿಡಿಯುವುದಿಲ್ಲ ಅಂತ ಆಗಲೇ ಹೇಳಿದೆ. ಬೆಂಚ್ ಗ್ರೈಂಡರಿಗೇ ಕೊಡಬೇಕು. ಅಣ್ಣ ನನ್ನ ಕೈಗೇ ಕೊಟ್ಟು, ಒಂದೇ ಮಾತು ಹೇಳಿದರು. "ಕೈಗವಸು ಹಾಕಬೇಡ. ಕಲ್ಲಿಗೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಬರಿಗೈಯಲ್ಲಿ ಹಿಡಿ. ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದು. ಬೆರಳು ತಡೆಯುವಷ್ಟು ಬಿಸಿಗೆ ಉಕ್ಕು ಕೆಡುವುದಿಲ್ಲ." ಅದೇ ಲೆಕ್ಕ. ಮೂರು ಸೆಕೆಂಡು ಕಲ್ಲಿಗೆ, ಆಮೇಲೆ ನೀರಿಗೆ. ಮತ್ತೆ ಮೂರು ಸೆಕೆಂಡು. ಉಕ್ಕಿನ ಬಣ್ಣದ ಮೇಲೂ ಕಣ್ಣಿರಬೇಕು. ಒಣಹುಲ್ಲಿನ ಹಳದಿ ಬಂತು ಎಂದರೆ ಅಲ್ಲಿ 200 ಡಿಗ್ರಿ ದಾಟಿದೆ, ನೀಲಿ ಬಂತು ಎಂದರೆ 300ರ ಹತ್ತಿರ ಹೋಗಿದೆ, ಅಲ್ಲಿಗೆ ಆ ಜಾಗದ ಗಟ್ಟಿತನ ಇಳಿಯಿತು ಅಂತ ಅರ್ಥ. ನನ್ನದು ಒಂದು ಕಡೆ ತುದಿಯಲ್ಲಿ ಸ್ವಲ್ಪ ಹಳದಿ ಆಯಿತು. ಅದಕ್ಕಿಂತ ಮುಂದೆ ಹೋಗಲು ಬಿಡಲಿಲ್ಲ.

ಶುರು ಮಾಡುವ ಮೊದಲು ಇನ್ನೊಂದು ಕೆಲಸ ಮಾಡಿದ್ದೆ. ಗ್ರೈಂಡರಿನ ಪುಡಿ ಬೀಗದ ಒಳಗೆ ಹೋದರೆ ಪಿನ್ನುಗಳು ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಕೀ ಹಾಕುವ ಬಾಯಿ, ಕೊಂಡಿಯ ತೂತು ಎಲ್ಲದಕ್ಕೂ ಬೋರ್ಡಿಗೆ ಹಚ್ಚುವ ವ್ಯಾಕ್ಸನ್ನು ತುಂಬಿ ಮುಚ್ಚಿದೆ, ಮೇಲೆ ಟೇಪು ಸುತ್ತಿದೆ. ಇದು ನನ್ನದೇ ಉಪಾಯ, ಅಣ್ಣನಿಗೂ ಹಿಡಿಸಿತು. ಕೆಲಸ ಮುಗಿದ ಮೇಲೆ ಬಿಸಿಲಿಗೆ ಇಟ್ಟರೆ ಮೆತ್ತಗಾಗುತ್ತದೆ, ಬೆಂಕಿಕಡ್ಡಿಯಿಂದ ತೆಗೆದು ಸ್ವಲ್ಪ ಸೀಮೆಎಣ್ಣೆಯಲ್ಲಿ ತೊಳೆದರೆ ಸಾಕು.

ಕೊಂಡಿಯ ಗಿಡ್ಡ ಕಾಲಿನ ತುದಿಯಲ್ಲಿ ಒಂದು ಕಚ್ಚು ಇರುತ್ತದೆ. ಬೀಗ ಒತ್ತಿದಾಗ ಒಳಗಿನ ನಾಲಗೆ ಬಂದು ಕೂರುವುದು ಅದರಲ್ಲೇ. ಎಲ್ಲ ಬದಿಯಿಂದಲೂ ಸಮನಾಗಿ ತೇಯ್ದರೆ ಕಚ್ಚಿನ ಆಳ ಕಡಿಮೆಯಾಗುತ್ತದೆ, ನಾಲಗೆಗೆ ಹಿಡಿತ ಸಿಗುವುದಿಲ್ಲ. ಎಳೆದರೆ ಬೀಗ ಬಿಟ್ಟುಕೊಳ್ಳಬಹುದು. ಅದಕ್ಕೆ ಕಚ್ಚು ಇರುವ ಬದಿಯನ್ನು ಮುಟ್ಟಲೇ ಇಲ್ಲ. ಬೆನ್ನಿನಿಂದಲೂ ಎರಡು ಪಕ್ಕದಿಂದಲೂ ತೇಯುತ್ತಾ, ನಾಲ್ಕೈದು ಸಲಕ್ಕೊಮ್ಮೆ ವರ್ನಿಯರ್ ಹಿಡಿದು, 6.2ಕ್ಕೆ ತಂದು ನಿಲ್ಲಿಸಿದೆ. ಎರಡು ಗಂಟೆ ಹಿಡಿಯಿತು. ಲಾಳದ ಎರಡೂ ಕಣ್ಣಿಗೆ ಕೊಂಡಿ ಸರಕ್ಕನೆ ಇಳಿಯಿತು.

ಬೀಗ ಒತ್ತಿದೆ. ಕೂತಿತು. ಆದರೆ ಗಡಗಡ ಅಲ್ಲಾಡುತ್ತಿತ್ತು. 7 ಮಿ.ಮೀ ಕಾಲಿಗೆ ಮಾಡಿದ ತೂತಿನಲ್ಲಿ ಈಗ 6.2ರ ಕಾಲು. ಕೊಂಡಿಯನ್ನು ಒಂದು ಬದಿಗೆ ದೂಡಿ ಬಲವಾಗಿ ಎಳೆದರೆ, ಹತ್ತು ಸಲದಲ್ಲಿ ಒಂದು ಸಲ ಬಿಟ್ಟುಕೊಂಡೇ ಬಿಟ್ಟಿತು. ಯಾರೂ ನೋಡದಿದ್ದರೆ ಇದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ನಿಲ್ಲಿಸದೆ ಎಳೆಯುತ್ತಾ ಇದ್ದದ್ದು ಅಕ್ಕನ ಮಗಳು. ಅವಳೂ ಅವತ್ತು ಜೊತೆಗೆ ಬಂದಿದ್ದಳು.

ಇದಕ್ಕೆ ಪರಿಹಾರ ಅರ್ಧ ಮಿ.ಮೀ.ನ ಹಿತ್ತಾಳೆ ತಗಡು. ಉಗುರಿನಷ್ಟು ಅಗಲದ ತುಂಡು ಕತ್ತರಿಸಿ, ಅರ್ಧಚಂದ್ರದ ಹಾಗೆ ಬಗ್ಗಿಸಿ, ಬೀಗದ ತೂತಿನಲ್ಲಿ ನಾಲಗೆಗೆ ಎದುರು ಬದಿಗೆ ಕೂರಿಸಿದೆವು. ಮೇಲಿನ ಅಂಚನ್ನು ಹೊರಕ್ಕೆ ಮಡಚಿ ಬೀಗದ ಮೈಗೆ ಬೆಸುಗೆ ಹಾಕಿದರು, ಸೀಸದ ಬೆಸುಗೆ, ಜಾಸ್ತಿ ಬಿಸಿ ಬೇಡದ್ದು. ಒಳಗೆ ಸ್ಪ್ರಿಂಗಿಗೆ ಏನೂ ಆಗದಿರಲಿ ಅಂತ ಬೀಗದ ಕೆಳಗಿನ ಅರ್ಧವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದರು. ಈಗ ಕಾಲು ಒಳಗೆ ಹೋಗುವಾಗ ತಗಡು ಅದನ್ನು ನಾಲಗೆಯ ಕಡೆಗೇ ದೂಡುತ್ತದೆ. ಟಕ್ ಎನ್ನುವ ಸದ್ದೇ ಬೇರೆ ಆಯಿತು. ಅವಳು ಐವತ್ತು ಸಲ ಎಳೆದಳು, ನಾನು ಎಣಿಸಿದೆ. ಬಿಡಲಿಲ್ಲ.

ಉದ್ದ ಕೊಂಡಿಯಲ್ಲಿ ಒಂದು ತೊಂದರೆ ಇದೆ. ನಡುವೆ ಖಾಲಿ ಜಾಗ ಇದ್ದರೆ ಕಬ್ಬಿಣದ ರಾಡು ತೂರಿಸಿ ಮೀಟಬಹುದು. ಬೀಗ ಒಡೆಯುವವರು ಕೊಯ್ಯುವ ಬದಲು ಹೀಗೆ ಮೀಟಲೂ ನೋಡಬಹುದು, ಸದ್ದು ಕಡಿಮೆ ಅಲ್ವಾ. ಆ ಜಾಗ ತುಂಬಿಸಬೇಕಿತ್ತು. ಸರಪಳಿಯ ಕೊನೆಯ ಎರಡು ಬಳೆಯನ್ನೂ ಬೀಗದ ಕೊಂಡಿಗೇ ಹಾಕಿದೆ, ಉಳಿದ ಜಾಗಕ್ಕೆ ಅರ್ಧ ಇಂಚಿನ ಜಿಐ ಪೈಪಿನ ತುಂಡನ್ನು ತೋಳಿನ ಹಾಗೆ ತೂರಿಸಿದೆ. ಈಗ ಬೀಗ ಹಾಕಿದರೆ ಒಂದು ಸ್ಕ್ರೂಡ್ರೈವರ್ ತೂರಿಸಲೂ ಎಡೆ ಇಲ್ಲ. ಪೈಪು ಸುಮ್ನೆ ಸುತ್ತ ತಿರುಗುತ್ತಿರುತ್ತದೆ, ಆಕ್ಸಾ ಬ್ಲೇಡ್ ಇಟ್ಟರೆ ಪೈಪೂ ಜೊತೆಗೆ ತಿರುಗುತ್ತದೆ, ಬ್ಲೇಡಿಗೆ ಕಚ್ಚಲು ಆಗುವುದಿಲ್ಲ.

ಸರಪಳಿಯ ಆ ತುದಿ ಎಲ್ಲಿಗೆ? ಶೆಡ್ಡಿನದ್ದು ಮುರಕಲ್ಲಿನ ಗೋಡೆ, ಅದರಲ್ಲಿ ಬೋಲ್ಟು ನಿಲ್ಲುವುದಿಲ್ಲ, ಎಳೆದರೆ ಕಲ್ಲೇ ಪುಡಿಯಾಗುತ್ತದೆ. ಗಾಳಿಮರಕ್ಕೆ ಕಟ್ಟೋಣ ಎಂದರೆ ನಮ್ಮಲ್ಲಿ ಕಡಲ್ಕೊರೆತಕ್ಕೆ ಮರಗಳೇ ಬಿದ್ದು ಹೋಗುತ್ತಿವೆ. ಕೊನೆಗೆ 60 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ಕಾಂಕ್ರೀಟ್ ತುಂಬಿ, ನಡುವೆ 12 ಮಿ.ಮೀ ಸರಳಿನ ಉಂಗುರ ನಿಲ್ಲಿಸಿ, ಹೊಯ್ಗೆಯಲ್ಲಿ ಕತ್ತಿನವರೆಗೆ ಹೂತೆವು. ಕಾಂಕ್ರೀಟೇ 140 ಕೆ.ಜಿ. ಹತ್ತಿರ ಬರುತ್ತದೆ. ಹೊಯ್ಗೆ ಮಾತ್ರ ಹೊಳೆಯದ್ದೇ ಬಳಸಿದ್ದು. ಕಡಲಿನದ್ದು ಹಾಕಿದರೆ ಉಪ್ಪು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ.

ಉಪ್ಪುಗಾಳಿಗೆ ಬೀಗವನ್ನು ಕಾಪಾಡುವುದು ಒಂದು ನಿತ್ಯದ ಕೆಲಸ. ತೇಯ್ದ ಕಾಲಿನಲ್ಲಿ ಮೇಲಿನ ಲೇಪ ಹೋಗಿದೆ, ಅದು ಬೇರೆ ಸ್ಟೇನ್‌ಲೆಸ್ ಕಣ್ಣಿಗೆ ತಾಗಿಕೊಂಡೇ ಇರುತ್ತದೆ. ಉಪ್ಪು ನೀರಿನಲ್ಲಿ ಎರಡು ಬೇರೆ ಬೇರೆ ಲೋಹ ತಾಗಿದರೆ ಬಡ ಲೋಹ ಬೇಗ ತುಕ್ಕು ಹಿಡಿಯುತ್ತದೆ. ಇಲ್ಲಿ ಬಡವ ನಮ್ಮ ಕೊಂಡಿಯೇ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆದು ಒರೆಸಿ ಬೋಟಿನ ಗ್ರೀಸು ಹಚ್ಚುತ್ತೇವೆ. ಬೀಗದ ಒಳಗೆ ಮಾತ್ರ ಎಣ್ಣೆ ಬಿಡುವುದಿಲ್ಲ. ಮೊದಲು ತೆಂಗಿನೆಣ್ಣೆ ಬಿಟ್ಟು ನೋಡಿದ್ದೆ, ಹೊಯ್ಗೆ ಅಂಟಿಕೊಂಡು ಒಂದೇ ವಾರದಲ್ಲಿ ಕೀ ತಿರುಗದ ಹಾಗಾಯಿತು. ಈಗ ಮೆತ್ತನೆಯ ಪೆನ್ಸಿಲಿನ ಸೀಸವನ್ನು ಕೀಗೆ ಉಜ್ಜಿ ನಾಲ್ಕು ಸಲ ಒಳಗೆ ಹೊರಗೆ ಮಾಡುತ್ತೇವೆ. ಪೆನ್ಸಿಲಿನ ಸೀಸ ಅಂದರೆ ಗ್ರಾಫೈಟ್, ಒಣಗಿಯೇ ಜಾರಿಸುತ್ತದೆ. ಕೀ ಬಾಯಿಗೆ ಸೈಕಲ್ ಟ್ಯೂಬಿನ ತುಂಡನ್ನು ಮುಚ್ಚಳದ ಹಾಗೆ ಕಟ್ಟಿದ್ದೇವೆ. ಬೀಗ ನೇತಾಡುವಾಗ ಅತ್ಯಂತ ಕೆಳಗೆ ಬರುವ ಕಡೆ 2 ಮಿ.ಮೀ.ನ ಒಂದು ತೂತು ಕೊರೆಸಿದೆ, ಒಳಗೆ ಹೋದ ನೀರು ಅಲ್ಲಿಂದ ಇಳಿಯಲಿ ಅಂತ.

ಎಲ್ಲ ಆದ ಮೇಲೆ ನಾವೇ ಕಳ್ಳರಾಗಿ ನೋಡಿದೆವು. ಮೂರು ಬೋರ್ಡುಗಳಲ್ಲಿ ಹಳೆಯದನ್ನು ಕಟ್ಟಿ, ಇಬ್ಬರು ಹಿಡಿದು ಎಳೆದೆವು. ಬೀಗ ಗಟ್ಟಿ, ಲಾಳ ಗಟ್ಟಿ, ಸರಪಳಿ ಗಟ್ಟಿ. ಆದರೆ ಮೂರನೆಯ ಎಳೆತಕ್ಕೆ ಬೋರ್ಡಿನೊಳಗಿಂದ ಕಿರ್ ಎಂದು ಒಂದು ಸದ್ದು ಬಂತು. ಕೂಡಲೇ ಬಿಟ್ಟೆವು. ಗುಳಿಯ ಸುತ್ತ ರೆಸಿನ್ನಿನಲ್ಲಿ ಉಗುರು ತಾಗುವಂಥ ಸಣ್ಣ ಬಿರುಕು. ಪ್ಲಗ್ ಅಂದರೆ ಫೋಮಿನಲ್ಲಿ ಕೊರೆದು ರೆಸಿನ್ ಹಾಕಿ ಅಂಟಿಸಿದ ಬಟ್ಟಲು ಅಷ್ಟೇ. ಹಟ ಹಿಡಿದು ಕಿತ್ತರೆ ಬೀಗದ ಸಮೇತ ಕಿತ್ತು ಬರುತ್ತದೆ. ಆದರೆ ಹಾಗೆ ಕಿತ್ತ ಬೋರ್ಡಿನ ಬಾಲದಲ್ಲಿ ಹಿಡಿ ತೂರುವಷ್ಟು ಗುಂಡಿ ಬೀಳುತ್ತದೆ, ಅದನ್ನು ಯಾರೂ ಕೊಳ್ಳುವುದಿಲ್ಲ, ನೀರಿಗೂ ಇಳಿಸಲಾಗುವುದಿಲ್ಲ. ನಮ್ಮ ಬೀಗ ತಡೆಯುವುದು ಹಗ್ಗ ಕೊಯ್ದು ಹೊತ್ತುಕೊಂಡು ಹೋಗುವವನನ್ನು. ಗ್ರೈಂಡರ್ ಹಿಡಿದು ಬರುವವನನ್ನು ತಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಬಿರುಕಿಗೆ ಎಪಾಕ್ಸಿ ತುಂಬಿ ಸರಿಪಡಿಸಿದೆವು.

ಖರ್ಚಿನ ಲೆಕ್ಕ ಕೇಳುವವರಿಗೆ: ಬೀಗ 340 ರೂಪಾಯಿ, ರಾಡು ವಾಷರ್ ವೆಲ್ಡಿಂಗ್ ಎಲ್ಲ ಸೇರಿ ಅಣ್ಣ ತೆಗೆದುಕೊಂಡದ್ದು 400, ಸರಪಳಿ ಮೀಟರಿಗೆ 180ರ ಹಾಗೆ ಮೂರು ಮೀಟರು. ಹಾಳಾದ ಎರಡು ಬೀಗ ಬೇರೆ. ಮೂರೂ ಬೋರ್ಡಿಗೆ ಮೂರು ಲಾಳ ಮಾಡಿಸಿದೆವು. ಬೀಗ ಮಾತ್ರ ಆಗ ಒಂದೇ ಇತ್ತು, ಮೂರು ಲಾಳದ ಕಣ್ಣಿಗೂ ಸರಪಳಿಯೇ ಹೋಗುವ ಹಾಗೆ ಮಾಡಲು ಆಗುವುದಿಲ್ಲ, ಕಣ್ಣು ಸಣ್ಣದು. ಅದಕ್ಕೆ ಅತಿ ಹೊಸ ಬೋರ್ಡಿಗೆ ಈ ಬೀಗ, ಉಳಿದೆರಡನ್ನು ಸಂಜೆ ಮನೆಗೆ ಹೊತ್ತು ತರುತ್ತಿದ್ದೆವು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹೋದಾಗ ಬೋರ್ಡು ಮಲಗಿದ ಜಾಗದಿಂದ ಅರ್ಧ ಮೀಟರು ಆಚೆ ಇತ್ತು. ಸರಪಳಿ ಬಿಗಿಯಾಗಿ ಎಳೆದುಕೊಂಡಿತ್ತು. ಟ್ಯೂಬಿನ ಮುಚ್ಚಳ ಹರಿದಿತ್ತು, ಜಿಐ ಪೈಪಿನ ಮೇಲೆ ಹೊಳೆಯುವ ನಾಲ್ಕು ಗೀರು. ಹೊಯ್ಗೆಯಲ್ಲಿ ಎರಡು ಜೊತೆ ಚಪ್ಪಲಿಯ ಗುರುತು, ರಸ್ತೆಯ ಕಡೆಗೆ ಹೋಗಿದ್ದವು. ಕೀ ಹಾಕಿದೆ. ಮೊದಲ ಸಲಕ್ಕೇ ತಿರುಗಿತು. ಗುಳಿಯ ಸುತ್ತ ಬೆರಳಾಡಿಸಿ ನೋಡಿದೆ, ಹೊಸ ಬಿರುಕು ಇರಲಿಲ್ಲ. ನನಗೆ ಕೈ ನಡುಗುತ್ತಿತ್ತು. ಅಲ್ಲಿಂದಲೇ ಅಣ್ಣನಿಗೂ ದೊಡ್ಡಪ್ಪನಿಗೂ ಫೋನ್ ಮಾಡಿದೆ.

ಅದರ ಮರುದಿನವೇ ಇನ್ನೆರಡು ಉದ್ದ ಕೊಂಡಿಯ ಬೀಗ ತಂದೆವು. ಈ ಸಲ ಅಂಗಡಿಯಲ್ಲೇ ವರ್ನಿಯರ್ ಹಿಡಿದು ನೋಡಿ, ಕೊಂಡಿ 6.5 ಇರುವುದನ್ನು ಆರಿಸಿದೆ. ತೇಯುವುದು ಕಡಿಮೆ, ತಗಡು ತೆಳ್ಳಗಿನದು ಸಾಕು. ಒಂದೊಂದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಮಕ್ಕಳಿಗೆ ಅಂತ ಹಳೆಯ ಮೆತ್ತನೆ ಬೋರ್ಡು ಇನ್ನೊಂದು ಕೊಂಡಿದ್ದೇವೆ. ಅದರ ಪ್ಲಗ್ಗಿನ ಸರಳು ಪ್ಲಾಸ್ಟಿಕ್ಕಿನದು, ಲಾಳ ಹಾಕಿ ಪ್ರಯೋಜನ ಇಲ್ಲ. ಅದು ದಿನಾ ಸಂಜೆ ಅಕ್ಕನ ಮನೆಯ ಚಾವಡಿಗೆ ಹೋಗುತ್ತದೆ. ಮೂರು ಬೀಗದ ಕೀಗಳೂ ಅಲ್ಲೇ, ಬಾಗಿಲ ಹಿಂದಿನ ಮೊಳೆಯಲ್ಲಿ. ಭಾನುವಾರ ಬೆಳಿಗ್ಗೆ ಅವನ್ನು ತೆಗೆದುಕೊಂಡು ಮೊದಲು ಕಡಲಿಗೆ ಬರುವವಳು ಅವಳೇ.